ಡ್ರಾಯರ್ ತುಂಬಾ ಚಾಕು
ಇವತ್ತು ಸುಮ್ನೆ ಡ್ರಾಯರ್ ಖಾಲಿ ಮಾಡಿ ಮಡಚುವ ಚಾಕುಗಳಿಗೆಲ್ಲ ಎಣ್ಣೆ ಹಾಕುತ್ತಾ ಕೂತಿದ್ದೆ. ಮೊದಲು ಕೈಗೆ ಬಂದದ್ದು ಮರದ ಹಿಡಿಯ ಓಪಿನೆಲ್, ಫ್ರಾನ್ಸ್‌ನ ಕಂಪನಿಯ ಚಾಕು. 1890ರಿಂದ ಹೆಚ್ಚುಕಮ್ಮಿ ಅದೇ ರೂಪ, ಅಲಗು ಮಡಚಿಕೊಳ್ಳದಂತೆ ತಿರುಗಿಸುವ ಉಂಗುರ ಬಂದದ್ದು ಮಾತ್ರ 1955ರಲ್ಲಿ. ನನ್ನದು ಕಾರ್ಬನ್ ಸ್ಟೀಲ್, ಹಣ್ಣು ಹೆಚ್ಚಿ ಹೆಚ್ಚಿ ಅಲಗು ಬೂದುನೀಲಿಗೆ ತಿರುಗಿದೆ (ಅದು ಕೆಂಪು ತುಕ್ಕಲ್ಲ, ದಯವಿಟ್ಟು ಉಜ್ಜಬೇಡಿ). ಪಕ್ಕದಲ್ಲಿ ಅಮೆರಿಕದ ಸ್ಪೈಡರ್ಕೊ ಕಂಪನಿಯ ಚಾಕು. ಅಲಗಿನ ದುಂಡು ತೂತಿಗೆ ಹೆಬ್ಬೆರಳು ಇಟ್ಟು ತಳ್ಳಿದರೆ ಒಂದೇ ಕೈಯಲ್ಲಿ ಟಕ್ ಅಂತ ಬಿಚ್ಚಿಕೊಳ್ಳುತ್ತದೆ. ಜಾಣ ಚಾಕು, ಒಪ್ಪಿದೆ. ಆದರೆ ಸ್ಲಿಪ್‌ಜಾಯಿಂಟ್ ಅನ್ನುವ ಹಳೆಯ ಬಗೆಯ ಚಾಕುವಿನಲ್ಲಿ ಲಾಕೇ ಇಲ್ಲ, ಬಿಚ್ಚಿದ ಅಲಗನ್ನು ಹಿಡಿದಿಡುವುದು ಹಿಡಿಯ ಬೆನ್ನಿನ ಸ್ಪ್ರಿಂಗಿನ ಬಿಗಿ ಅಷ್ಟೇ. ಎರಡು ಸಲ ಬೆರಳು ಕುಯ್ದುಕೊಂಡ ಮೇಲೆ ನನ್ನ ಕೈ ತಾನಾಗೇ ಹುಷಾರಾಯಿತು. ಲಾಕ್ ಇರುವ ಚಾಕು ಹಿಡಿದಾಗ ಆ ಎಚ್ಚರ ಇರುವುದೇ ಇಲ್ಲ ಅಲ್ವಾ? ಅಂದಹಾಗೆ, ಜಾಸ್ತಿ ದುಡ್ಡು ಕೊಟ್ಟು ತಂದ ಚಾಕು ಇನ್ನೂ ಡಬ್ಬಿಯಲ್ಲೇ ಇದೆ, ಸೇಬು ಹೆಚ್ಚೋಕೆ ದಿನಾ ಓಪಿನೆಲ್ಲೇ.