ಕೋತಿಮಿಂಗಿಲದ ಅರ್ಥ ಕೇಳುವವರಿಗೆ

"ಸರ, ಇದರ ಒಳಾರ್ಥ ಏನ್ರಿ?" ಕಲಬುರಗಿಯಲ್ಲಿ ಅಸಂಬದ್ಧ (ನಾನ್‌ಸೆನ್ಸ್) ಪದ್ಯ ಓದಿದ ಕೂಡಲೇ ಬರುವ ಪ್ರಶ್ನೆ. ಒಳಾರ್ಥ ಇಲ್ಲ. ಹೊರಾರ್ಥವೂ ಇಲ್ಲ. "ಹಂಗಾರ ಏನರ ಬರದರ ನಡೀತದ ಅನ್ರಿ" ಅನ್ನುತ್ತಾರೆ ಆಮೇಲೆ. ನಡೆಯುವುದಿಲ್ಲ. ಸಿಟ್ಟು ಬರುವುದು ಈ ಎರಡನೇ ಮಾತಿಗೆ.

ಮೊದಲನೆಯದಕ್ಕೆ ಬೈಯುವಂತಿಲ್ಲ. ಅಲ್ಲಮನ ಒಗಟಿನಂಥ ಬೆಡಗಿನ ವಚನ, ಕಡಕೋಳ ಮಡಿವಾಳಪ್ಪನವರ ತತ್ವಪದ ಕೇಳಿ ಬೆಳೆದ ಸೀಮೆ ಇದು. ಬೆಡಗಿನಲ್ಲಿ ಕಪ್ಪೆ ಸರ್ಪವನ್ನು ನುಂಗಿದರೆ ಅದಕ್ಕೊಂದು ಕೀಲಿ ಇರುತ್ತದೆ, ಬಿಡಿಸಿ ಹೇಳುವ ಟೀಕೆಯೂ ಇರುತ್ತದೆ. ಅಸಂಬದ್ಧ ಪದ್ಯದಲ್ಲಿ ಕಪ್ಪೆ ಬರೀ ಕಪ್ಪೆ. ಅವಲಕ್ಕಿ ಪವಲಕ್ಕಿ ಆಡುವಾಗ ಪವಲಕ್ಕಿಯ ತತ್ವ ಯಾರಾದರೂ ಕೇಳಿದ್ದೀರಾ?

ಕೇಳಲೇಬೇಕೆಂದಿದ್ದರೆ ಹೀಗೆ ಕೇಳಿ: ಈ ಪದ್ಯ ಯಾವ ನಿಯಮ ಮುರಿದಿದೆ, ಯಾವುದನ್ನು ಬಿಗಿಯಾಗಿ ಹಿಡಿದಿದೆ? ನಮ್ಮ ಕಲಬುರಗಿ ಕೋಟೆಯ ಬಾರಾ ಗಜಿ ತೋಪಿನ (ಫಿರಂಗಿಯ) ಮೇಲೊಂದು ಪದ್ಯ ಕಟ್ಟಿ ತೋರಿಸುತ್ತೇನೆ.

ಕೋಟೆಯ ತೋಪಿಗೆ ನೆಗಡಿಯು ಹತ್ತಿತು
ಊಟಕೆ ಖಾರದ ಸಾರನು ಕೇಳಿತು
ಮೂಟೆಯ ಬಿಸಿಲನು ಮೂಗಿಗೆ ಕಟ್ಟಿತು
ದಾಟುವ ಎಮ್ಮೆಗೆ "ಸೀನಲೆ" ಎಂದಿತು

ದೊಡ್ಡ ಸುಳ್ಳು ಒಂದೇ, ತೋಪಿಗೆ ನೆಗಡಿ. ಅದನ್ನು ಒಪ್ಪಿಕೊಂಡರೆ ಉಳಿದದ್ದು ಮನೆಮದ್ದು: ಖಾರದ ಸಾರು, ಮೂಗಿಗೆ ಶಾಖ. ಶಾಖಕ್ಕೆ ಬಿಸಿಲನ್ನೇ ಮೂಟೆ ಕಟ್ಟಿದ್ದು ಎರಡನೇ ಸುಳ್ಳು, ಆದರೆ ಅದು ಮೊದಲನೆಯದರ ಮಗು. ಕೊನೆಗೆ ತೋಪು ಮರ್ಯಾದೆಯಿಂದ ಅನುಮತಿ ಕೇಳುತ್ತದೆ, ಏಕೆಂದರೆ ತೋಪು ಸೀನಿದರೆ ಎಮ್ಮೆಯ ಗತಿ ಏನು? ಹೊಸಬರು ಎಡವುವುದು ಇಲ್ಲೇ. ಸಾಲಿಗೊಂದು ಹೊಸ ಸುಳ್ಳು ತರುತ್ತಾರೆ: ತೋಪಿಗೆ ನೆಗಡಿ, ಚಂದ್ರನಿಗೆ ಮೀಸೆ, ಬಸ್ಸಿಗೆ ಬಾಲ. ಮೂರನೇ ಸಾಲಿಗೆ ಓದುಗನಿಗೆ ಆಕಳಿಕೆ.

ಈಗ ಲೆಕ್ಕ. ಮಾತ್ರೆ ಅಂದರೆ ಉಚ್ಚಾರದ ಕಾಲದ ಅಳತೆ, ಗಣ ಅಂದರೆ ಮಾತ್ರೆಗಳ ಗುಂಪು. ಪ್ರತಿ ಸಾಲಿನಲ್ಲಿ ನಾಲ್ಕು ಮಾತ್ರೆಯ ನಾಲ್ಕು ಗಣ, ಒಟ್ಟು 16 ಮಾತ್ರೆ. "ನೆಗಡಿಯು" ಎಂಬಲ್ಲಿ "ಯು" ಕಿತ್ತರೆ 15 ಆಗುತ್ತದೆ, ನಾಲಿಗೆ ತಡವರಿಸುತ್ತದೆ. ತಡವರಿಸಿದ ಓದುಗ ಅರ್ಥ ಹುಡುಕಲು ಶುರು ಮಾಡುತ್ತಾನೆ. ಗಂಭೀರ ಕವಿತೆಯಲ್ಲಿ ಲಯ ಸ್ವಲ್ಪ ಜಾರಿದರೂ ಭಾವ ಕಾಪಾಡೀತು. ಇಲ್ಲಿ ಕಾಪಾಡಲು ಬೇರೆ ಯಾರೂ ಇಲ್ಲ.

ಹತ್ತಿತು, ಕೇಳಿತು, ಕಟ್ಟಿತು, ಎಂದಿತು ಎಂಬ ಅಂತ್ಯಪ್ರಾಸಕ್ಕೆ ಚಪ್ಪಾಳೆ ಬೇಡ. ಕನ್ನಡದ ವಾಕ್ಯ ಸಾಮಾನ್ಯವಾಗಿ ಕ್ರಿಯಾಪದದಲ್ಲಿ ಮುಗಿಯುವುದರಿಂದ ಅದು ಪುಕ್ಕಟೆ ಸಿಗುತ್ತದೆ. ದುಡಿಯುವುದು ಎರಡನೇ ಅಕ್ಷರದ ಪ್ರಾಸ: ಕೋಟೆ, ಊಟ, ಮೂಟೆ, ದಾಟು. ನಾಲ್ಕೂ ಕಡೆ ಮೊದಲಕ್ಷರ ದೀರ್ಘ, ಎರಡನೆಯದರಲ್ಲಿ ಟಕಾರ. ನಡುವೆ "ಕಟ್ಟು" ತಂದಿಟ್ಟರೆ ಕೆಡುತ್ತದೆ, ಅಲ್ಲಿ ಮೊದಲಕ್ಷರ ಹ್ರಸ್ವ, ಟಕಾರ ಒತ್ತಕ್ಷರ.

ಹುಸಿ ಪದ ಹುಟ್ಟಿಸುವುದು ಇನ್ನೊಂದು ದಾರಿ. 1871ರಲ್ಲಿ ಅಚ್ಚಾದ, ಇಂಗ್ಲಿಷ್ ಲೇಖಕ ಲೂಯಿಸ್ ಕ್ಯಾರಲ್‌ನ "ಜಾಬರ್‌ವಾಕಿ" ಪದ್ಯದಲ್ಲಿ ಪದಗಳು ಹುಸಿ, ವ್ಯಾಕರಣ ಖರೆ. ಕನ್ನಡದಲ್ಲಿ ಇದು ಇನ್ನೂ ಸಲೀಸು, ಪ್ರತ್ಯಯಗಳೇ ಹೊತ್ತು ನಡೆಸುತ್ತವೆ. "ಗುಬಳಿಗಳು ತಿಬಕಿದವು" ಎಂದರೆ ಹಲವು ಇದ್ದವು, ಏನೋ ಮಾಡಿದವು, ಮಾಡಿ ಮುಗಿಸಿದವು ಎಂಬಷ್ಟು ಗೊತ್ತಾಯಿತಲ್ಲ. ಸಾಲಿಗೆ ಒಂದೆರಡು ಹುಸಿ ಪದ ಸಾಕು. ಳ, ಣಗಳಿಂದ ಶುರು ಮಾಡಬೇಡಿ, ಕನ್ನಡದ ಬಾಯಿಗೆ ಅದು ಒಗ್ಗದು.

1923ರಲ್ಲಿ ಬಂದ "ಆಬೋಲ್ ತಾಬೋಲ್" ಪದ್ಯಸಂಕಲನದಲ್ಲಿ ಬಂಗಾಳಿ ಕವಿ ಸುಕುಮಾರ್ ರಾಯ್ ಬಾತುಕೋಳಿಯನ್ನೂ ಮುಳ್ಳುಹಂದಿಯನ್ನೂ ಬೆಸೆದು "ಹಾಸ್‌ಜಾರು" ಮಾಡಿದರು. ಎರಡೂ ಬಂಗಾಳಿ ಹೆಸರುಗಳಲ್ಲಿ (ಹಾಸ್, ಸಜಾರು) ಒಂದೇ ಸದ್ದು ಸಿಕ್ಕಿದ್ದಕ್ಕೆ ಅದು ಕೂಡಿತು. ನಮ್ಮಲ್ಲಿ ಕೋತಿಯ ಕೊನೆ, ತಿಮಿಂಗಿಲದ ಮೊದಲು ಒಂದೇ "ತಿ". ಹಾಗಾಗಿ ಕೋತಿಮಿಂಗಿಲ. "ಹುಲಿಎಮ್ಮೆ" ಬರೆದರೆ ಹುಲಿ ಒಂದು ಕಡೆ, ಎಮ್ಮೆ ಒಂದು ಕಡೆ ನಿಂತಿರುತ್ತವೆ.

ಬೀದರ್, ಯಾದಗಿರಿ, ಕಲಬುರಗಿಯವರು ಇನ್ನೊಂದು ಕೆಲಸ ತಪ್ಪದೆ ಮಾಡಬೇಕು. ಹುಸಿ ಪದವನ್ನು ತೆಲುಗು, ಮರಾಠಿ, ದಖ್ಖನಿ ಮಾತಾಡುವ ಒಬ್ಬೊಬ್ಬರ ಮುಂದೆ ಜೋರಾಗಿ ಅಂದು ನೋಡಿ. ಮೂವರಲ್ಲಿ ಒಬ್ಬರು ಮುಖ ಕೆಂಪು ಮಾಡಿಕೊಂಡರೂ ಪದ ಬದಲಿಸಿ.