ಎರಡು ಮೂರು ಅದಲುಬದಲು

ಎಂಟು ತಿಂಗಳಾಯಿತು. ಇವತ್ತಿಗೂ ನಾನು ಏನಾದರೂ ಮುಗಿಸಿ ಟೇಬಲ್ ಮೇಲೆ ಇಟ್ಟರೆ ಸಾಕು, ಪೇಂಟ್ ಬೂತ್ ಹುಡುಗರು ಬಂದು ಕೇಳುತ್ತಾರೆ: "ಮೇಡಂ, ಸ್ಟಾರ್ಟ್ ಆಗುತ್ತಾ?" ಹೋದ ವಾರ ಯಾವುದೋ ಬಿಲ್ಡರ್‌ಗೆ ಅಪಾರ್ಟ್‌ಮೆಂಟ್ ಮಾಡೆಲ್ ಮಾಡಿದ್ದೆವು. ಅದಕ್ಕೂ ಅದೇ ಪ್ರಶ್ನೆ.

ನಮ್ಮದು ಪೀಣ್ಯದಲ್ಲಿ ಒಂಬತ್ತು ಜನರ ಸಣ್ಣ ವರ್ಕ್‌ಶಾಪ್. ಹೊಟ್ಟೆಪಾಡಿಗೆ ಬಿಲ್ಡಿಂಗ್ ಮಾಡೆಲ್, ಫ್ಯಾಕ್ಟರಿ ಲೇಔಟ್. ಮನಸ್ಸಿಗೆ ಖುಷಿ ಕೊಡೋದು ಕಾರು. ವರ್ಷಕ್ಕೆ ನಾಲ್ಕೈದು ಬಂದರೆ ಜಾಸ್ತಿ. ಬಾಡಿ, ಪೇಂಟ್ ಎಲ್ಲ ಬೇರೆಯವರದು. ಬಾನೆಟ್ ಒಳಗಿನದು ನನ್ನ ಪಾಲು.

ಆ ಸಲ ಬಂದದ್ದು ಅಂಬಾಸಿಡರ್ ಮಾರ್ಕ್ 4. ಸಾಗರದ ಕಡೆಯ ಅಡಿಕೆ ಬೆಳೆಗಾರರೊಬ್ಬರು ಆರ್ಡರ್ ಕೊಟ್ಟಿದ್ದರು. ತೀರಿಹೋದ ತಂದೆಯ ಗಾಡಿ. ನಿಜವಾದ ಗಾಡಿ ಯಾವತ್ತೋ ಗುಜರಿಗೆ ಹೋಗಿದೆ, ಉಳಿದದ್ದು ಏಳೆಂಟು ಮಾಸಿದ ಫೋಟೋ. 1:12 ಅಳತೆ, ಬಾನೆಟ್ ತೆರೆಯಬೇಕು, ಒಳಗೆ ಇಂಜಿನ್ ಪೂರ್ತಿ ಕಾಣಬೇಕು. "ಶೋರೂಮ್ ಗಾಡಿ ಥರ ಬೇಡ, ನಮ್ಮಪ್ಪ ಓಡಿಸ್ತಿದ್ದ ಹಾಗೆ ಇರಲಿ" ಅಂದಿದ್ದರು. ಗಾಡಿ ಉದ್ದ ಸುಮಾರು 36 ಸೆಂಟಿಮೀಟರ್. ಈ ಅಳತೆಯಲ್ಲಿ ಇಂಜಿನ್ ಅಂಗೈ ತುಂಬ ಬರುತ್ತದೆ. ಅಂದರೆ ತಪ್ಪೂ ಅಂಗೈ ತುಂಬ ಕಾಣುತ್ತದೆ.

ಕೋಟೇಶನ್‌ನಲ್ಲಿ ನಮ್ಮ ಬಾಸ್ ಬರೆದಿದ್ದು: ಇಂಜಿನ್ ಡೀಟೇಲ್, ಮೂರು ದಿನ. ನನ್ನನ್ನು ಕೇಳಿರಲಿಲ್ಲ. ಆಗಿದ್ದು ಹನ್ನೊಂದು ದಿನ. ಅದರಲ್ಲಿ ಎರಡು ದಿನ 3ಡಿ ಪ್ರಿಂಟರ್ ಜೊತೆ ಜಗಳ. ಜುಲೈ ತಿಂಗಳು, ಅದಕ್ಕೆ ಹಾಕುವ ದ್ರವ ಪ್ಲಾಸ್ಟಿಕ್, ರೆಸಿನ್, ತಣ್ಣಗಾಗಿ ಜೇನಿನ ಹಾಗೆ ದಪ್ಪವಾಗಿತ್ತು. ಪ್ರಿಂಟ್ ಅರ್ಧಕ್ಕೇ ಕಿತ್ತು ಬರುತ್ತಿತ್ತು. ಒಂದು ಹೀಟರ್ ಕೊಡಿಸಿ ಅಂತ ಕೇಳಿ ಮೂರು ಮಳೆಗಾಲ ಕಳೆದಿದೆ. ಕೊನೆಗೆ ರೆಸಿನ್ ಬಾಟಲಿಯನ್ನು ಬಿಸಿನೀರಿನ ಬಕೆಟ್‌ನಲ್ಲಿ ಕೂರಿಸಿ, ಮಗುವಿಗೆ ಸ್ನಾನ ಮಾಡಿಸಿದ ಹಾಗೆ ಮಾಡಿ ಇಂಜಿನ್ ಬ್ಲಾಕ್ ತೆಗೆದೆ. ಡಿಸೈನ್ ಹುಡುಗ ಫೈಲ್‌ನಲ್ಲಿ ಕಾರ್ಬೊರೇಟರ್ ಲಿವರ್‌ಗಳನ್ನೂ ಸೇರಿಸಿದ್ದ. ಪ್ರಿಂಟ್‌ಗೆ ಆಸರೆಯಾಗಿ ಬರುವ ಸಪೋರ್ಟ್ ಕಡ್ಡಿ ಕತ್ತರಿಸುವಾಗ ಎಲ್ಲ ಪುಡಿ. "ಫೈಲಲ್ಲಿ ಇದೆಯಲ್ಲ" ಅಂದ. ಫೈಲಲ್ಲಿ ಇದ್ದರೆ ಫೈಲನ್ನೇ ಕೊರಿಯರ್ ಮಾಡಪ್ಪ ಅಂದೆ.

ಇಂಜಿನ್ ಬಗ್ಗೆ ಹೇಳಿಬಿಡುತ್ತೇನೆ. ಮಾರ್ಕ್ 4 ಪೆಟ್ರೋಲ್ ಗಾಡಿಯಲ್ಲಿ ಇದ್ದದ್ದು ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ ಸೀರೀಸ್, 1489 ಸಿಸಿ, ಸಾಲಾಗಿ ನಾಲ್ಕು ಸಿಲಿಂಡರ್. ಕಾರ್ಬೊರೇಟರ್, ಮ್ಯಾನಿಫೋಲ್ಡ್ ಎಲ್ಲ ಒಂದು ಪಕ್ಕ. ಡಿಸ್ಟ್ರಿಬ್ಯೂಟರ್ (ಒಳಗೆ ರೋಟರ್ ಸುತ್ತುತ್ತ ಒಂದೊಂದೇ ಪ್ಲಗ್ಗಿಗೆ ಕಿಡಿಯ ಕರೆಂಟ್ ಹಂಚುವ ಡಬ್ಬಿ), ಸ್ಪಾರ್ಕ್ ಪ್ಲಗ್ ಇನ್ನೊಂದು ಪಕ್ಕ, ಡ್ರೈವರ್ ಕಡೆ. ಹಾಗಾಗಿ ನಾಲ್ಕು ಪ್ಲಗ್ ವೈರ್‌ಗಳೂ ಒಂದೇ ಕಡೆ, ಮುಚ್ಚುಮರೆ ಇಲ್ಲದೆ ಎದ್ದು ಕಾಣುತ್ತವೆ. ಬಾನೆಟ್ ಎತ್ತಿದವರ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ.

ಮಾಡೆಲ್ ಇಂಜಿನ್ ಆಟಿಕೆ ಥರ ಕಾಣುವುದಕ್ಕೆ ಮುಖ್ಯ ಕಾರಣ ದಪ್ಪ ವೈರ್. ನಿಜವಾದ ಪ್ಲಗ್ ವೈರ್ 7 ಮಿಲಿಮೀಟರ್ ದಪ್ಪ. ಹನ್ನೆರಡರಿಂದ ಭಾಗಿಸಿದರೆ ಅರ್ಧ ಮಿಲಿಮೀಟರ್‌ಗಿಂತ ಚೂರು ಜಾಸ್ತಿ. ಮನೆಯಲ್ಲಿ ಸಿಗುವ ಯಾವುದೋ ಮಾಮೂಲಿ ವೈರ್ ಹಾಕಿದರೆ ಇಂಜಿನ್ ಮೇಲೆ ತೋಟದ ಪೈಪು ಸುತ್ತಿದ ಹಾಗೆ ಇರುತ್ತದೆ. ನಾನು ಎಸ್‌ಪಿ ರೋಡಿನಿಂದ 30 ಗೇಜಿನ ವೈರ್ ರ‍್ಯಾಪ್ ವೈರ್ ತರುತ್ತೇನೆ. ಅದು ಹೊದಿಕೆ ಸೇರಿ ಅರ್ಧ ಮಿಲಿಮೀಟರ್. ಅಷ್ಟಕ್ಕೇ ಮುಗಿಯಲ್ಲ. ನಿಜವಾದ ವೈರ್ ತನ್ನ ಭಾರಕ್ಕೆ ತಾನೇ ಜೋತುಬಿದ್ದು ಬಾಗುತ್ತದೆ. ಚಿಕ್ಕದಕ್ಕೆ ಭಾರವೇ ಇಲ್ಲ, ಸೆಟೆದು ನಿಲ್ಲುತ್ತದೆ. ಹಾಗಾಗಿ ಒಂದೊಂದನ್ನೂ ಟೂತ್‌ಪಿಕ್‌ಗೆ ಸುತ್ತಿ, ನೇವರಿಸಿ, "ನೀನು ಸುಸ್ತಾಗಿದೀಯ, ಬಗ್ಗು" ಅಂತ ಒಪ್ಪಿಸಬೇಕು.

ಉಳಿದದ್ದೆಲ್ಲ ನಿರಾಳವಾಗಿ ಆಯಿತು. ರೇಡಿಯೇಟರ್ ಹೋಸ್‌ಗೆ ದಪ್ಪ ಸೋಲ್ಡರ್ ಕಂಬಿ, ಎಲ್ಲಿ ಬಗ್ಗಿಸಿದರೂ ಮಡಿಕೆ ಬೀಳಲ್ಲ. ಕ್ಲಾಂಪ್‌ಗೆ ಅಮ್ಮನ ಬಿಪಿ ಮಾತ್ರೆಯ ಹಾಳೆ. ಮ್ಯಾನಿಫೋಲ್ಡ್ ತುಕ್ಕಿಗೆ ಪೇಂಟ್‌ನಲ್ಲಿ ಚಿಟಿಕೆ ಅಡುಗೆ ಸೋಡಾ. ಬ್ಯಾಟರಿ ಟರ್ಮಿನಲ್ ಮೇಲೆ ಬಿಳಿ ಹಸಿರು ಬೂಷ್ಟಿಗೆ ಚಾಕ್‌ಪೀಸ್ ಪುಡಿ. ತುಂಬ ಚೆನ್ನಾಗಿ ಬಂದಿತ್ತು, ನಾನೇ ಹೇಳಿಕೊಳ್ಳಬಾರದು.

ಪ್ಲಗ್ ವೈರ್ ಹಾಕುವಾಗ ನನಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ. ಹಿಂದಿನ ವರ್ಷ ಒಬ್ಬರಿಗೆ ಶೆವರ್ಲೆ ಸ್ಮಾಲ್ ಬ್ಲಾಕ್ ವಿ8 ಮಾಡಿದ್ದೆ. ಅದರ ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳಿಗೆ ಕಿಡಿ ಬೀಳುವ ಸರದಿ, 1-8-4-3-6-5-7-2 ಬಾಯಿಪಾಠ ಮಾಡಿ, ಎಂಟೂ ವೈರನ್ನು ಸರಿಯಾದ ಸಿಲಿಂಡರ್‌ಗೇ ಕೊಟ್ಟಿದ್ದೆ. ಎಲ್ಲರೂ ಹೊಗಳಿದ್ದರು. ಅದಾದ ಮೇಲೆ ನಾಲ್ಕು ಸಿಲಿಂಡರ್ ಯಾವ ಲೆಕ್ಕ? ಬಿ ಸೀರೀಸ್‌ದು 1-3-4-2. ಡಿಸ್ಟ್ರಿಬ್ಯೂಟರ್ ಕ್ಯಾಪ್ ಮೇಲೆ ಒಂದನೆಯದನ್ನು ಗುರುತು ಹಾಕಿಕೊಂಡು, ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಮೂರು, ನಾಲ್ಕು, ಎರಡು ಅಂತ ಕೊಟ್ಟುಕೊಂಡು ಹೋದೆ. ಯಾಕೆ ಆ ದಿಕ್ಕು? ಶೆವರ್ಲೆಯಲ್ಲಿ ಹಾಗಿತ್ತು. ಅಷ್ಟೇ ಕಾರಣ. ಯಶವಂತಪುರದಲ್ಲಿ ನಾನು ದಿನಾ ಬಸ್ಸಿನಲ್ಲಿ ದಾಟುವ ಗ್ಯಾರೇಜಿನ ಮುಂದೆ ಒಂದು ಅಂಬಾಸಿಡರ್ ಎರಡು ವರ್ಷದಿಂದ ನಿಂತಿತ್ತು. ಇಳಿದು ನೋಡಲಿಲ್ಲ.

ಡೆಲಿವರಿ ದಿನ ಸಾಗರದವರು ತಾವೇ ಬಂದರು. ಜೊತೆಯಲ್ಲಿ ಎಪ್ಪತ್ತು ದಾಟಿದ ಒಬ್ಬ ಯಜಮಾನರು. ಬಿಳಿ ಪಂಚೆ, ಎದೆ ಜೇಬಿನಲ್ಲಿ ಕನ್ನಡಕ. "ಇವರು ನಮ್ಮ ಮೇಸ್ತ್ರಿ. ಅಪ್ಪನ ಗಾಡಿ ಇಪ್ಪತ್ತು ವರ್ಷ ಇವರ ಕೈಯಲ್ಲೇ ಇತ್ತು" ಅಂದರು. ಬಾಸ್ ಕಾಫಿ ತರಿಸಿದರು. ಮಾಡೆಲ್ ಮೇಲಿನ ಬಟ್ಟೆ ತೆಗೆದರು. ಸಾಗರದವರು ಏನೂ ಮಾತಾಡಲಿಲ್ಲ, ಹಿಂದಿನ ಸೀಟಿನ ಕಡೆ ಬಗ್ಗಿ ನೋಡುತ್ತಲೇ ಇದ್ದರು.

ಮೇಸ್ತ್ರಿ ಸೀಟು ನೋಡಲಿಲ್ಲ. ಕನ್ನಡಕ ಹಾಕಿಕೊಂಡು "ಬಾನೆಟ್ ಎತ್ತಮ್ಮ" ಅಂದರು. ಎತ್ತಿದೆ. ಕೈ ಹಿಂದೆ ಕಟ್ಟಿಕೊಂಡು ಬಗ್ಗಿದರು. ಬ್ಯಾಟರಿ ಬೂಷ್ಟು ನೋಡಿ ಸಣ್ಣಗೆ ನಕ್ಕರು. ಆಮೇಲೆ ತುಟಿ ಅಲ್ಲಾಡಿಸುತ್ತ ಏನೋ ಎಣಿಸಿದರು. ಮತ್ತೊಮ್ಮೆ ಎಣಿಸಿದರು.

"ಗಾಡಿ ಸ್ಟಾರ್ಟ್ ಆಗಲ್ಲಮ್ಮ ಇದು."

ಬಾಸ್ ತಮಾಷೆ ಅಂದುಕೊಂಡು ಜೋರಾಗಿ ನಕ್ಕರು. ನಾನೂ ನಕ್ಕೆ. ಮೇಸ್ತ್ರಿ ನಗಲಿಲ್ಲ.

"ಆರ್ಡರ್ ಸರಿ ಇದೆ ಸರ್. ಒಂದು, ಮೂರು, ನಾಲ್ಕು, ಎರಡು" ಅಂದೆ. ನನ್ನ ದನಿಯಲ್ಲಿ ಸ್ವಲ್ಪ ಧಿಮಾಕು ಇತ್ತು, ಈಗ ನೆನೆದರೆ ಮೈ ಮುದುಡುತ್ತದೆ.

"ಆರ್ಡರ್ ಗೊತ್ತಿದೆ ನಿಂಗೆ, ಸಂತೋಷ. ರೋಟರ್ ಯಾವ ಕಡೆ ತಿರುಗುತ್ತೆ?"

"ಕ್ಲಾಕ್‌ವೈಸ್."

ಅವರು ತೋರುಬೆರಳನ್ನು ಗಾಳಿಯಲ್ಲಿ ನಿಧಾನವಾಗಿ ಎಡಕ್ಕೆ ತಿರುಗಿಸಿದರು. "ಇದರಲ್ಲಿ ಉಲ್ಟಾ. ನೀನು ಕೊಟ್ಟಿರೋ ಲೆಕ್ಕದಲ್ಲಿ ಒಂದಾದ ಮೇಲೆ ಎರಡು ಬೆಂಕಿ ಹಚ್ಚುತ್ತೆ. ಒಂದು, ಎರಡು, ನಾಲ್ಕು, ಮೂರು. ಸೆಲ್ಫ್ ಹೊಡೆದ್ರೆ ಕೆಮ್ಮುತ್ತೆ, ಕಾರ್ಬೊರೇಟರಲ್ಲಿ ಪಟಾಕಿ ಹೊಡೆಯುತ್ತೆ. ಅಷ್ಟೇ."

ಹಳೆಯ ಫೋರ್ಡ್ ಮಾಡೆಲ್ ಎ ಗಾಡಿಯ ಆರ್ಡರ್ 1-2-4-3 ಅಂತ ಆಮೇಲೆ ಗೊತ್ತಾಯಿತು. ಅಂಬಾಸಿಡರ್ ಒಳಗೆ ನಾನು ಫೋರ್ಡ್ ಕೂರಿಸಿದ್ದೆ.

ಬಾಸ್ ನನ್ನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದರು. "ಬಿಡು, ಯಾರು ನೋಡ್ತಾರೆ? ಗಾಜಿನ ಪೆಟ್ಟಿಗೆಯಲ್ಲಿ ಇಡೋದು." ಯಾರು ನೋಡ್ತಾರೆ ಅನ್ನುವುದಕ್ಕೆ ಉತ್ತರ ಆರಡಿ ದೂರದಲ್ಲಿ ಕಾಫಿ ಕುಡಿಯುತ್ತ ಕೂತಿತ್ತು. ಸಾಗರದವರು ಮೆಲ್ಲಗೆ ಕೇಳಿದರು: "ಸರಿ ಮಾಡಕ್ಕೆ ಎಷ್ಟು ಹೊತ್ತಾಗುತ್ತೆ?" ಮೇಸ್ತ್ರಿಯೇ ಉತ್ತರ ಕೊಟ್ಟರು. "ಎರಡು, ಮೂರು ಅದಲುಬದಲು ಮಾಡಿದ್ರೆ ಆಯ್ತು. ಅರ್ಧ ನಿಮಿಷದ ಕೆಲಸ."

ನಿಜ. ನಿಜವಾದ ಗಾಡಿಯಲ್ಲಿ ಅರ್ಧ ನಿಮಿಷ. ವೈರ್ ತುದಿಯ ರಬ್ಬರ್ ಟೋಪಿ, ಅಂದರೆ ಬೂಟ್, ಎಳೆ, ಬದಲಿಸು, ಒತ್ತು. ನನ್ನದರಲ್ಲಿ ಬೂಟ್ ಅಂದರೆ ಸಾಸಿವೆಗಿಂತ ಚಿಕ್ಕ ರೆಸಿನ್ ತುಂಡು. ಅದರೊಳಗೆ 0.6 ರ ಡ್ರಿಲ್‌ನಲ್ಲಿ ತೂತು, ತೂತಿನಲ್ಲಿ ಫೆವಿಕ್ವಿಕ್. ಮೇಲೆ ತೆಳು ಬಣ್ಣದ ವಾಶ್, ಧೂಳು, ಮ್ಯಾಟ್ ಕೋಟ್. ಅಸಿಟೋನ್ ತಾಗಿಸಿದರೆ ಅಂಟಿನ ಜೊತೆ ಪೇಂಟೂ ಹೋಗುತ್ತದೆ. "ಹದಿನೈದು ನಿಮಿಷ" ಅಂದುಬಿಟ್ಟೆ. ನಾಲಿಗೆಗೆ ಎಲುಬಿಲ್ಲ.

ಹೊಸ ಬ್ಲೇಡ್ ಹಾಕಿ, ತಲೆಗೆ ಕಟ್ಟುವ ಭೂತಗನ್ನಡಿ ಹೆಡ್‌ಲೂಪ್ ಹಾಕಿಕೊಂಡು ಕೂತೆ. ಫೆವಿಕ್ವಿಕ್ ಜಗ್ಗಾಟಕ್ಕೆ ಬಗ್ಗಲ್ಲ, ಆದರೆ ಗಾಜಿನ ಹಾಗೆ, ಪಕ್ಕದಿಂದ ಕುಟುಕಿದರೆ ಸಿಡಿಯುತ್ತದೆ. ಎರಡನೆಯ ವೈರ್ ಟಕ್ ಅಂತ ಬಂತು. ಮೂರನೆಯದು ಬರಲಿಲ್ಲ. ಇನ್ನೊಂದು ಸಲ ಕುಟುಕಿದೆ. ವೈರ್ ಬಂತು, ಬೂಟ್ ಸಮೇತ. ಬೂಟ್ ಹಾರಿ ಎಲ್ಲೋ ಹೋಯಿತು.

ನೆಲ ಬೂದು ಬಣ್ಣದ ಆಕ್ಸೈಡ್. ಬೂಟ್ ಕಪ್ಪು. ಪೇಂಟ್ ಹುಡುಗರಿಬ್ಬರು ಮೊಬೈಲ್ ಟಾರ್ಚ್ ಹಿಡಿದು ಮಂಡಿಯೂರಿದರು. ನನಗೆ ಬೆನ್ನ ಹಿಂದೆ ಗಡಿಯಾರ ಕೇಳಿಸುತ್ತಿತ್ತು. ನಮ್ಮ ವರ್ಕ್‌ಶಾಪ್‌ನಲ್ಲಿ ಗಡಿಯಾರ ಇದೆ ಅಂತ ಗೊತ್ತಾಗಿದ್ದೇ ಅವತ್ತು. ಇಪ್ಪತ್ತು ನಿಮಿಷ ಹುಡುಕಿ ಕೈಬಿಟ್ಟೆ. ಸ್ಪ್ರೂ (ಪ್ಲಾಸ್ಟಿಕ್ ಕಿಟ್ಟಿನಲ್ಲಿ ಬಿಡಿಭಾಗ ಕತ್ತರಿಸಿದ ಮೇಲೆ ಉಳಿಯುವ ಕಡ್ಡಿ) ಹಳೆಯ ತುಂಡನ್ನು ಬೆಂಕಿಗೆ ಹಿಡಿದು ಎಳೆದು, ಕತ್ತರಿಸಿ, ಹೊಸ ಬೂಟ್ ಮಾಡಿದೆ. ತೂತು ಕೊರೆಯುವಾಗ ಕೈ ನಡುಗಿ ಡ್ರಿಲ್ ಮುರಿಯಿತು. ಇನ್ನೊಂದು ತೆಗೆದುಕೊಂಡೆ. ಅದಲುಬದಲು ಮಾಡಿದರೆ ಒಂದು ವೈರ್ ಕೂದಲೆಳೆಯಷ್ಟು ಗಿಡ್ಡ. ಅದನ್ನೂ ಹೊಸದಾಗಿ ಕತ್ತರಿಸಿ, ಟೂತ್‌ಪಿಕ್‌ಗೆ ಸುತ್ತಿ ಬಗ್ಗಿಸಿದೆ. ಅಷ್ಟರಲ್ಲಿ ಐವತ್ತು ನಿಮಿಷ.

ಕೊನೆಯ ಅಂಟಿಗೆ ನಾನು ಯಾವಾಗಲೂ ಎಪಾಕ್ಸಿ ಬಳಸುತ್ತೇನೆ. ಅವತ್ತು ಕಾಯಲು ಧೈರ್ಯ ಸಾಲಲಿಲ್ಲ. ಫೆವಿಕ್ವಿಕ್ ತೊಟ್ಟು ಮುಟ್ಟಿಸಿ, "ಆಯ್ತು ಸರ್" ಅಂತ ಬಾನೆಟ್ ಮುಚ್ಚಿದೆ. ಯಾಕೆ ಮುಚ್ಚಿದೆ? ಕೆಲಸ ಮುಗಿಯಿತು ಅಂತ ತೋರಿಸಲು. ಸುಮ್ನೆ ಶೋ. ಮಾಡೆಲ್ ಕೆಲಸಕ್ಕೆ ಸೇರಿದ ಮೊದಲ ವಾರವೇ ಹೇಳಿಕೊಡುವ ಪಾಠ ಇದು: ಫೆವಿಕ್ವಿಕ್ ಹಾಕಿ ಡಬ್ಬಿ ಮುಚ್ಚಬೇಡ. ಅದರ ಆವಿ ಹೊರಗೆ ಹೋಗದೆ, ಗಾಳಿಯ ತೇವ ಹೀರಿಕೊಂಡು, ಬಿಳಿ ಪುಡಿಯಾಗಿ ಎಲ್ಲದರ ಮೇಲೂ ಕೂರುತ್ತದೆ. ಅದೂ ಜುಲೈ ತಿಂಗಳ ಗಾಳಿ.

ಹತ್ತು ನಿಮಿಷ ಬಿಟ್ಟು ಮೇಸ್ತ್ರಿಗೆ ತೋರಿಸಲು ಬಾನೆಟ್ ಎತ್ತಿದರೆ ಇಂಜಿನ್ ನೆತ್ತಿಯ ಟ್ಯಾಪೆಟ್ ಕವರ್ ಮೇಲೆ ವಿಭೂತಿ ಬಳಿದಂತಾಗಿತ್ತು.

ಆ ಕ್ಷಣ ನನಗೆ ಕೆಲಸ ಬಿಟ್ಟು ಊರಿಗೆ ಹೋಗಿ ಅಂಗನವಾಡಿ ಸೇರಿಕೊಳ್ಳೋಣ ಅನ್ನಿಸಿತು. ಬಾಸ್ ಮುಖ ನೋಡಲಿಲ್ಲ. ನೋಡಿದ್ದರೆ ಕೈ ಇನ್ನೂ ನಡುಗುತ್ತಿತ್ತು. ಮತ್ತೆ ಪೇಂಟ್ ಮಾಡಲು ಸಮಯ ಇಲ್ಲ. ಅಂಥ ಕಲೆಯ ಮೇಲೆ ತೆಳುವಾಗಿ ಎಣ್ಣೆ ಸವರಿದರೆ ಬಿಳುಪು ಕಣ್ಣಿಗೆ ಮರೆಯಾಗುತ್ತದೆ ಅಂತ ಗೊತ್ತಿತ್ತು. ಕೈಗೆ ಸಿಕ್ಕಿದ್ದು ಹೊಲಿಗೆ ಮೆಷಿನ್ ಎಣ್ಣೆ. ಬ್ರಶ್ ತುದಿಯಲ್ಲಿ ಅದ್ದಿ, ಕವರ್ ಮೇಲೆ ಎಳೆದೆ. ಬಿಳುಪು ಹೋಯಿತು. ಆದರೆ ಎಣ್ಣೆ ಜಾಸ್ತಿಯಾಗಿ ಗ್ಯಾಸ್ಕೆಟ್ ಅಂಚಿನಿಂದ ಬ್ಲಾಕ್ ಮೇಲೆ ಇಳಿಯಿತು. ನಾನು ಅಷ್ಟು ಜೋಪಾನವಾಗಿ ಹಚ್ಚಿದ್ದ ಧೂಳನ್ನೆಲ್ಲ ಕಪ್ಪು ಮಾಡಿಕೊಂಡು ಕೆಳಗೆ ಹರಿಯಿತು.

ಮೇಸ್ತ್ರಿ ಬಗ್ಗಿ ನೋಡಿದರು. ಬೆರಳು ಎಡಕ್ಕೆ ತಿರುಗಿಸುತ್ತ ಎಣಿಸಿದರು. ಆಮೇಲೆ ಆ ಎಣ್ಣೆಯ ಗೆರೆಯನ್ನು ನೋಡಿದರು. ಸಾಗರದವರ ತೋಳು ಹಿಡಿದು ಹತ್ತಿರ ಎಳೆದರು.

"ನೋಡಿ ಅಯ್ಯಾ, ಇಲ್ಲಿ ಸೋರಿದೆ. ನಿಮ್ಮಪ್ಪ ಇದಕ್ಕೇ ಅಲ್ವಾ ನನಗೆ ಬೈತಿದ್ದಿದ್ದು? ಎಷ್ಟು ಪ್ಯಾಕಿಂಗ್ ಹಾಕಿದ್ರೂ ನಿಲ್ತಿರಲಿಲ್ಲ."

ಅದನ್ನು ನಾನು ಬೇಕೆಂದೇ ಮಾಡಿದ್ದು ಅಂತ ಅವರು ಇವತ್ತಿಗೂ ನಂಬಿದ್ದಾರೆ. ಬಾಸ್ ಕೂಡ ನಂಬಿದರು, ಫೋಟೋ ಹಾಕುವಾಗ "ಆಯಿಲ್ ಲೀಕ್ ಡೀಟೇಲ್" ಅಂತ ಬರೆದರು. ನಾನು ಬಾಯಿ ಬಿಡಲಿಲ್ಲ. ಹೇಳುತ್ತಿರುವುದು ಇದೇ ಮೊದಲ ಸಲ.

ಮಾರನೆಯ ದಿನ ವಾಟ್ಸ್ಯಾಪ್ ಗ್ರೂಪಿನಲ್ಲಿ ಹೊಸ ಚೆಕ್‌ಲಿಸ್ಟ್ ಬಂತು. "ಫೈರಿಂಗ್ ಆರ್ಡರ್ ಮತ್ತು ರೋಟರ್ ದಿಕ್ಕು ಪರೀಕ್ಷಿಸಿ ಸಹಿ ಹಾಕುವುದು." ಕೋಟೇಶನ್ನಿನಲ್ಲಿ ದಿನ ಮಾತ್ರ ಅದೇ ಮೂರು. ಹೀಟರ್ ಇನ್ನೂ ಬಂದಿಲ್ಲ. ಯಶವಂತಪುರದ ಆ ಅಂಬಾಸಿಡರ್ ಬಳಿ ಆ ಶನಿವಾರವೇ ಇಳಿದೆ. ಗ್ಯಾರೇಜಿನವನು ಕ್ಯಾಪ್ ಬಿಚ್ಚಿ, ಹುಡುಗನಿಂದ ಫ್ಯಾನ್ ತಿರುಗಿಸಿ ತೋರಿಸಿದ. ಎಡಕ್ಕೇ ತಿರುಗಿತು. ಐದು ನಿಮಿಷ ಹಿಡಿಯಿತು, ಒಂದು ಟೀ ಖರ್ಚು.

ಈಗ ಟೇಬಲ್ ಮೇಲೆ ಪ್ರೀಮಿಯರ್ ಪದ್ಮಿನಿ ಇದೆ. 1089 ಸಿಸಿ. ಆರ್ಡರ್ ಅದೇ 1-3-4-2. ರೋಟರ್ ಯಾವ ಕಡೆ ಅಂತ ನೋಡದೆ ಒಂದು ವೈರೂ ಮುಟ್ಟಲ್ಲ ಅಂದಿದ್ದೇನೆ. ಯೂಟ್ಯೂಬ್ ನೋಡು ಅನ್ನುತ್ತಿದ್ದಾರೆ ಬಾಸ್. ಶಿವಾಜಿನಗರದ ಕಡೆ ಒಂದು ಗಾಡಿ ಇದೆಯಂತೆ, ನಾಳೆ ಹೋಗುತ್ತಿದ್ದೇನೆ. ಅದು ರಜೆಯಾ, ಆನ್ ಡ್ಯೂಟಿಯಾ ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ.