"ಮಿಲಿಟರಿ ಸಂಬಳದ ಬಿಲ್ ಯಾವಾಗ ಪಾಸ್ ಆಗುತ್ತೆ?"

ಅರಸೀಕೆರೆ ಕಡೆ ಒಂದು ಮದುವೆ. ಎಲೆಗೆ ಇನ್ನೂ ಅನ್ನ ಬಿದ್ದಿರಲಿಲ್ಲ, ಎದುರು ಸಾಲಿನಿಂದ ಒಬ್ಬರು ಶುರು ಮಾಡಿದರು. "ಏನ್ ಹವಾಲ್ದಾರ್ರೇ, ಕೂತ್ಕೊಂಡೇ ಪೆನ್ಷನ್ ತಿಂತಿದ್ದೀರಲ್ಲ! ಎಂಟನೇ ಪೇ ಕಮಿಷನ್ ಬಂದ್ರೆ ಎಷ್ಟಾಗುತ್ತೆ? ಪಾರ್ಲಿಮೆಂಟಲ್ಲಿ ಬಿಲ್ ಯಾವಾಗ ಪಾಸ್ ಮಾಡ್ತಾರೆ?"

ಈ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ನನಗೆ ಸಾಕಾಗಿದೆ. ಒಂದೇ ಸಲ ಬರೆದುಬಿಡುತ್ತೇನೆ.

ಅಂಥ ಬಿಲ್ ಇಲ್ಲ. ನಮ್ಮದು 1950ರ ಸೇನಾ ಕಾಯ್ದೆ. ಸಿಪಾಯಿಗೆ ಇಷ್ಟು ರೂಪಾಯಿ ಕೊಡಬೇಕು ಅಂತ ಅದರಲ್ಲಿ ಎಲ್ಲೂ ಬರೆದಿಲ್ಲ. ನಿಯಮದ ಪ್ರಕಾರ ಬರಬೇಕಾದ ಸಂಬಳದಲ್ಲಿ ಕಾನೂನು ಒಪ್ಪದ ಕಡಿತ ಮಾಡಬಾರದು ಅಂತ 25ನೇ ಸೆಕ್ಷನ್ ಹೇಳುತ್ತದೆ. ಸಾಲದ ಡಿಕ್ರಿ ಹಿಡಿದು ಸಿವಿಲ್ ಕೋರ್ಟು ಅದನ್ನು ಜಪ್ತಿ ಮಾಡುವಂತಿಲ್ಲ ಅಂತ 28ನೇ ಸೆಕ್ಷನ್ ಹೇಳುತ್ತದೆ. ಬಂದ ಸಂಬಳಕ್ಕೆ ಕಾಯ್ದೆಯ ಕಾವಲಿದೆ. ಎಷ್ಟು ಬರಬೇಕು ಅನ್ನುವುದು ಸರ್ಕಾರದ ಕೈಯಲ್ಲಿದೆ.

ವೇತನ ಆಯೋಗ ಶಿಫಾರಸು ಮಾಡುತ್ತದೆ, ಅಷ್ಟೇ. ಸಂಪುಟ ಒಪ್ಪಬಹುದು, ಬಿಡಬಹುದು, ತಿದ್ದಬಹುದು. ಒಪ್ಪಿದ ಮೇಲೆ ನಿಯಮ ಹೊರಡುತ್ತದೆ. 7ನೇ ಆಯೋಗದ ಲೆಕ್ಕದಲ್ಲಿ ಹೊಸ ಸಿಪಾಯಿಯ ಮೂಲ ವೇತನ 21,700, ಜೊತೆಗೆ ಸೈನಿಕರಿಗೆ ಅಂತಲೇ ಕೊಡುವ ಹೆಚ್ಚುವರಿ ವೇತನ, ಮಿಲಿಟರಿ ಸರ್ವಿಸ್ ಪೇ, 5,200. ಜಾರಿಯಾದದ್ದು 2016ರ ಜನವರಿ 1ರಿಂದ. ಜವಾನರ ಸಿಯಾಚಿನ್ ಭತ್ಯೆ 14,000ದಿಂದ 30,000ಕ್ಕೆ ಏರಿದ್ದು 2017ರಲ್ಲಿ, ಅದೂ ಸರ್ಕಾರದ ತೀರ್ಮಾನದಿಂದಲೇ. ಒನ್ ರ್‍ಯಾಂಕ್ ಒನ್ ಪೆನ್ಷನ್, ಅಂದರೆ ಒಂದೇ ದರ್ಜೆಯಲ್ಲಿ ಅಷ್ಟೇ ವರ್ಷ ದುಡಿದವರಿಗೆ, ಯಾವಾಗ ನಿವೃತ್ತರಾಗಿದ್ದರೂ, ಒಂದೇ ಪೆನ್ಷನ್ ಅನ್ನುವುದು, ಬಂದದ್ದು 2015ರ ನವೆಂಬರ್ 7ರ ಒಂದು ಸರ್ಕಾರಿ ಪತ್ರದಿಂದ.

ಹಾಗಾದ್ರೆ ಪಾರ್ಲಿಮೆಂಟ್ ಏನು ಮಾಡುತ್ತೆ? ದುಡ್ಡು ಮಂಜೂರು ಮಾಡುತ್ತದೆ. 2025-26ರ ಬಜೆಟ್ಟಿನಲ್ಲಿ ರಕ್ಷಣಾ ಪಿಂಚಣಿಗೆ ಸುಮಾರು 1.60 ಲಕ್ಷ ಕೋಟಿ ಇಟ್ಟರು. ಸಂಸದರು ಅದನ್ನು ಕಡಿಮೆ ಮಾಡಿ ಅನ್ನಬಹುದು, ಒಂದು ರೂಪಾಯಿ ಜಾಸ್ತಿ ಮಾಡುವ ಅಧಿಕಾರ ಅವರಿಗಿಲ್ಲ. ಅಮೆರಿಕದಲ್ಲಿ ಬೇರೆ ಥರ. ಅಲ್ಲಿ ಪ್ರತಿ ವರ್ಷ ರಕ್ಷಣಾ ಕಾಯ್ದೆ ಪಾಸ್ ಮಾಡುತ್ತಾರೆ. 2025ಕ್ಕೆ ಕೆಳಹಂತದ ಸೈನಿಕರಿಗೆ ಒಟ್ಟು ಶೇ. 14.5 ಏರಿಕೆ ಅಂತ ಅವರ ಕಾಂಗ್ರೆಸ್ಸೇ ಕಾನೂನಿನಲ್ಲಿ ಬರೆಯಿತು.

ಇನ್ನು ಆ "ಕೂತ್ಕೊಂಡು ತಿನ್ನೋದು". ನಾನು ಯೂನಿಟ್ ಆಫೀಸಿನಲ್ಲಿ ಕ್ಲರ್ಕ್ ಆಗಿದ್ದವನು. ಜವಾನನಿಗೆ ಮದುವೆಯಾದರೆ ಪಾರ್ಟ್ ಟೂ ಆರ್ಡರ್ ಅನ್ನುವ ಕಚೇರಿ ಆದೇಶ ಹೊರಡಬೇಕು, ಮಗು ಹುಟ್ಟಿದರೂ ಹೊರಡಬೇಕು. ಆಗಲೇ ಆ ಹೆಸರು ದಾಖಲೆಗೆ ಬರುವುದು, ನಾಳೆ ಜವಾನನಿಗೆ ಏನಾದರೂ ಆದರೆ ಮನೆಯವರಿಗೆ ಪೆನ್ಷನ್ ಸಿಗಲು ಬೇಕಾಗುವುದು. ಎತ್ತರದ ಪೋಸ್ಟಿನಿಂದ ಇಳಿದು ಬಂದ ಹುಡುಗರು ಒಡೆದ ತುಟಿ, ಕಪ್ಪಾದ ಉಗುರು ಇಟ್ಟುಕೊಂಡು ನನ್ನ ಮೇಜಿನ ಮುಂದೆ ನಿಂತು ಮೊದಲು ಕೇಳುತ್ತಿದ್ದದ್ದು, "ಸಾಬ್, ಹೆಂಡ್ತಿ ಹೆಸರು ಸೇರಿತಾ?" ಅವರ ಪೆನ್ಷನ್ನನ್ನು ಯಾರಾದರೂ ಪುಕ್ಕಟೆ ದುಡ್ಡು ಅಂದರೆ ನನಗೆ ಊಟ ಸೇರುವುದಿಲ್ಲ. ಪೆನ್ಷನ್ ಯಾರೋ ದಯೆಯಿಂದ ಕೊಡುವುದಲ್ಲ, ಮಾಡಿದ ಸೇವೆಯ ಫಲ ಅಂತ ಸುಪ್ರೀಂ ಕೋರ್ಟು 1982ರ ಡಿಸೆಂಬರ್ 17ರಂದೇ, ಡಿ.ಎಸ್. ನಕಾರಾ ಅನ್ನುವ ಪಿಂಚಣಿದಾರರ ಕೇಸಿನಲ್ಲಿ ಹೇಳಿದೆ. ಪಿಂಚಣಿದಾರರ ದಿನ ಅಂತ ಮಾಡುವುದು ಆ ತಾರೀಕಿಗೇ.

ಅವತ್ತು ಸರಿಯಾದ ಪ್ರಶ್ನೆ ಕೇಳಿದ್ದು ಮಜ್ಜಿಗೆ ಬಡಿಸುತ್ತಿದ್ದ ಹುಡುಗ. ಹುಡುಗಿ ಕಡೆಯವನು, ಭರ್ತಿ ರ್‍ಯಾಲಿಗೆ ದಿನಾ ಬೆಳಿಗ್ಗೆ ಓಡುತ್ತಿದ್ದಾನೆ. "ಮಾವ, ಅಗ್ನಿವೀರ್‌ಗೆ ಪೆನ್ಷನ್ ಇಲ್ಲ ಅಂತಾರಲ್ಲ, ಅದು ಯಾವ ಕಾನೂನಲ್ಲಿದೆ?"

ಎಲ್ಲರೂ ಇದನ್ನು ಕೇಳಬೇಕಿತ್ತು, ಅಲ್ವಾ? ಅದಕ್ಕೂ ಕಾಯ್ದೆ ಇಲ್ಲ ಮಗಾ, ಅಂದೆ. 2022ರ ಜೂನ್ 14ರಂದು ಅಗ್ನಿವೀರರನ್ನು ಸೇರಿಸಿಕೊಳ್ಳುವ ಅಗ್ನಿಪಥ ಯೋಜನೆಗೆ ಸಂಪುಟ ಒಪ್ಪಿಗೆ ಕೊಟ್ಟಿತು. ಸೇವೆ ನಾಲ್ಕು ವರ್ಷ. ಮೊದಲ ವರ್ಷ ತಿಂಗಳಿಗೆ 30,000, ಅದರಲ್ಲಿ 9,000 ಸೇವಾ ನಿಧಿ ಅನ್ನುವ ಉಳಿತಾಯಕ್ಕೆ. ಕೊನೆಗೆ ಕೈಗೆ ಸುಮಾರು 11.71 ಲಕ್ಷ. ಆಮೇಲೆ ಸೇನೆಯಲ್ಲಿ ಮುಂದುವರಿಸುವುದು ನೂರಕ್ಕೆ 25 ಜನರವರೆಗೆ. ನನ್ನಂಥವರ ಕಾಲದಲ್ಲಿ ಜವಾನನಿಗೆ 15 ವರ್ಷ ತುಂಬಿದರೆ ಪೆನ್ಷನ್ ಖಾತ್ರಿ ಇತ್ತು. ಇಷ್ಟು ದೊಡ್ಡ ಬದಲಾವಣೆಗೆ ಲೋಕಸಭೆಯಲ್ಲಿ ಒಂದು ಮಸೂದೆಯೂ ಬರಲಿಲ್ಲ. ಬಂದಿದ್ದರೆ ನಮ್ಮ ಜಿಲ್ಲೆಯ ಸಂಸದರೂ ಎದ್ದು ಮಾತಾಡಬೇಕಾಗುತ್ತಿತ್ತು, ಓಟು ಹಾಕಬೇಕಾಗುತ್ತಿತ್ತು. ನನ್ನ ಸಂಕಟ ಇರುವುದು ಅಲ್ಲೇ.

ಸೇರಬೇಡ ಅಂತ ನಾನು ಹೇಳಲಿಲ್ಲ. ಭಾನುವಾರ ಮನೆಗೆ ಬಾ, ಷರತ್ತೆಲ್ಲ ಕೂತು ಓದೋಣ ಅಂದೆ. ಬಂದ. ನೋಟಿಫಿಕೇಶನ್ ಪ್ರಿಂಟ್ ತೆಗೆಸಿಕೊಂಡು ಬಂದಿದ್ದ. ಪೆನ್ಷನ್ ಅನ್ನುವ ಮಾತು ಇದ್ದ ಕಡೆಯೆಲ್ಲ ಆಗಲೇ ಕೆಂಪು ಪೆನ್ನಿನಲ್ಲಿ ಗೀಟು ಎಳೆದಿದ್ದ.